ಎರಡು ತಲೆಯ ಹಕ್ಕಿ, ತಾತನ ತಪ್ಪು ಉತ್ತರ

ರಾಜ್ಯೋತ್ಸವದ ವಾರ ನಮ್ಮ ಮನೆಯಲ್ಲಿ ನನ್ನ ಮಾತಿನ ಬೆಲೆ ಒಮ್ಮೆಲೇ ಇಳಿದುಹೋಯಿತು. ಆರನೇ ಕ್ಲಾಸಿನ ಮೊಮ್ಮಗಳು ಶಾಲೆಯ ಕ್ವಿಜ್‌ಗೆ ಓದಿಕೊಳ್ಳುತ್ತಾ, “ತಾತ, ನಮ್ಮ ರಾಜ್ಯದ ಪಕ್ಷಿ ಯಾವುದು?” ಎಂದಳು. ನಾನು ಪೇಪರಿನಿಂದ ತಲೆ ಎತ್ತದೆಯೇ “ಗಂಡಭೇರುಂಡ” ಎಂದೆ. ಮೂವತ್ತಾರು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವನು ನಾನು. ಸರ್ಕಾರಿ ಪತ್ರಗಳ ತಲೆಯ ಮೇಲೆ ಆ ಹಕ್ಕಿಯನ್ನು ಸಾವಿರಾರು ಸಲ ನೋಡಿದ್ದೇನೆ. ಅನುಮಾನವೇ ಬರಲಿಲ್ಲ.

ಮರುದಿನ ಸಂಜೆ ಅವಳು ಬ್ಯಾಗು ಇಳಿಸುವ ಮೊದಲೇ ಸುದ್ದಿ ಬಂತು. “ಒಂದೇ ಮಾರ್ಕಿನಲ್ಲಿ ಪ್ರೈಜ್ ಹೋಯ್ತು. ಸರಿಯುತ್ತರ ನೀಲಕಂಠ. ನೀನೇ ತಾನೇ ಹೇಳಿಕೊಟ್ಟಿದ್ದು!”

ಒಳಗಿನಿಂದ ಅವಳ ಅಜ್ಜಿ, “ಗೊತ್ತಿಲ್ಲ ಅಂದಿದ್ದರೆ ಏನು ಗಂಟು ಹೋಗ್ತಿತ್ತು?” ಎಂದಳು.

ನಮ್ಮ ಕಾಲದಲ್ಲಿ ಸಂಜೆ ಕ್ಯಾಷ್ ತಾಳೆಯಾಗದೆ ಬ್ಯಾಂಕಿನಿಂದ ಹೊರಡುವಂತಿರಲಿಲ್ಲ. ಅದೇ ಅಭ್ಯಾಸ. ಶನಿವಾರ ಮೊಮ್ಮಗಳ ಕೈ ಹಿಡಿದು ಬಸವನಗುಡಿಯ ಬಿ.ಪಿ. ವಾಡಿಯಾ ರಸ್ತೆಯಲ್ಲಿರುವ ವರ್ಲ್ಡ್ ಕಲ್ಚರ್ ಲೈಬ್ರರಿಗೆ ಹೋದೆ. ನನ್ನ ಲೆಕ್ಕ ಎಲ್ಲಿ ತಪ್ಪಿತು ಎಂದು ಇಬ್ಬರೂ ಹುಡುಕಿದೆವು.

ತಪ್ಪು ಇಷ್ಟೇ. ಲಾಂಛನ ಬೇರೆ, ರಾಜ್ಯಪಕ್ಷಿ ಬೇರೆ. ಕರ್ನಾಟಕದ ಲಾಂಛನದಲ್ಲಿ ಕೆಂಪು ಗುರಾಣಿಯ ಮೇಲೆ ಬಿಳಿಯ ಗಂಡಭೇರುಂಡವಿದೆ. ಮೇಲೆ ಅಶೋಕನ ಸಿಂಹಗಳು, ಎರಡು ಪಕ್ಕಗಳಲ್ಲಿ ಸಿಂಹದ ಮೈಗೆ ಆನೆಯ ಸೊಂಡಿಲಿರುವ ಪ್ರಾಣಿಗಳು, ಕೆಳಗೆ ‘ಸತ್ಯಮೇವ ಜಯತೇ’. ಇದು ಮೈಸೂರು ಒಡೆಯರ ಲಾಂಛನದಿಂದ ಬಂದ ಹಕ್ಕಿ. ನೀಲಕಂಠವಾದರೋ ತಂತಿಯ ಮೇಲೆ ಕೂತು ಮಿಡತೆ, ಜೀರುಂಡೆ ಹಿಡಿಯುವ ಹಕ್ಕಿ. ಕೂತಾಗ ಮಂಕಾಗಿ ಕಾಣುತ್ತದೆ, ರೆಕ್ಕೆ ಬಿಚ್ಚಿದರೆ ನೀಲಿಯೋ ನೀಲಿ.

“ಇಲ್ಲದ ಹಕ್ಕೀನ ರಾಜರು ಯಾಕೆ ಆರಿಸಿಕೊಂಡರು ತಾತ?” ಎಂದಳು. ಒಳ್ಳೆಯ ಪ್ರಶ್ನೆ.

ಅದಕ್ಕೆ ಬೇಲೂರಿಗೆ ಹೋಗಬೇಕು. 1117ರ ಚೆನ್ನಕೇಶವ ದೇವಾಲಯದಲ್ಲಿ ಒಂದು ಕೆತ್ತನೆಯಿದೆ. ಜಿಂಕೆಯನ್ನು ಹೆಬ್ಬಾವು ಹಿಡಿದಿದೆ, ಹಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ. ಕೊನೆಗೆ ಶರಭವನ್ನೂ ಬಿಡದೆ ಹಿಡಿದಿರುವುದು ಗಂಡಭೇರುಂಡ! ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಇನ್ನೂ ಹಳೆಯದು, 1047ರಲ್ಲಿ ಚಾವುಂಡರಾಯರಸ ನಿಲ್ಲಿಸಿದ ಭೇರುಂಡೇಶ್ವರ ಕಂಬವಿದೆ. ಅಲ್ಲಿ ಮನುಷ್ಯನ ಮೈಗೆ ಹಕ್ಕಿಯ ಎರಡು ತಲೆ. ವಿಜಯನಗರದ ಅಚ್ಯುತರಾಯನ ಚಿನ್ನದ ನಾಣ್ಯಗಳಲ್ಲಂತೂ ಈ ಹಕ್ಕಿ ಆನೆಗಳನ್ನೇ ಕೊಕ್ಕಿನಲ್ಲಿ, ಕಾಲಿನಲ್ಲಿ ಎತ್ತಿಕೊಂಡು ಹಾರುತ್ತದೆ. ನಮ್ಮ ಕೌಂಟರಿಗೆ ಅಂಥ ನಾಣ್ಯ ಒಂದೂ ಬರಲಿಲ್ಲ ಬಿಡಿ!

ಆನೆ, ಸಿಂಹಕ್ಕಿಂತ ಬಲಶಾಲಿಯಾದದ್ದು ರಾಜರಿಗೆ ಬೇಕಿತ್ತು. ಕಾಡಿನಲ್ಲಿ ಅಂಥದ್ದು ಇರಲಿಲ್ಲ, ಕಲ್ಪನೆಯಲ್ಲಿ ಸಿಕ್ಕಿತು. ಅದರಲ್ಲೊಂದು ಅನುಕೂಲವೂ ಇದೆ. ಕಲ್ಲಿನ ಹಕ್ಕಿಗೆ ಹಸಿವಿಲ್ಲ, ಗೂಡಿನ ಚಿಂತೆಯಿಲ್ಲ. ಜೀವವಿರುವ ಹಕ್ಕಿಯನ್ನು ಗುರುತಾಗಿ ಆರಿಸಿದರೆ ಅದನ್ನು ಉಳಿಸಿಕೊಳ್ಳುವ ಸಾಲವೂ ನಮ್ಮ ಲೆಕ್ಕಕ್ಕೆ ಬೀಳುತ್ತದೆ.

ಅಮೆರಿಕದವರಿಗೆ ಇದು ಚೆನ್ನಾಗಿ ಗೊತ್ತು. ಅವರು 1782ರಲ್ಲೇ ಬಿಳಿತಲೆಯ ಹದ್ದನ್ನು ದೇಶದ ಮುದ್ರೆಯಲ್ಲಿ ಇಟ್ಟುಕೊಂಡರು. ಆದರೆ ಹೊಲಕ್ಕೆ ಹೊಡೆದ ಡಿಡಿಟಿ ನೀರಿಗಿಳಿದು, ಮೀನಿನ ಮೂಲಕ ಹದ್ದಿನ ಹೊಟ್ಟೆ ಸೇರಿತು. ಮೊಟ್ಟೆಯ ಚಿಪ್ಪು ತೆಳ್ಳಗಾಗಿ, ಕಾವಿಗೆ ಕೂತರೆ ಒಡೆಯತೊಡಗಿತು. 1963ರಲ್ಲಿ ಅಲಾಸ್ಕ ಬಿಟ್ಟು ಉಳಿದ ನಾಡಿನಲ್ಲಿ ಗೂಡು ಕಟ್ಟುವ ಜೋಡಿಗಳು ಸುಮಾರು 400 ಮಾತ್ರ. 1972ರಲ್ಲಿ ಡಿಡಿಟಿ ನಿಷೇಧಿಸಿದರು, ಗೂಡುಗಳನ್ನು ಕಾದರು. 2007ರಲ್ಲಿ ಅದು ಅಪಾಯದ ಪಟ್ಟಿಯಿಂದ ಹೊರಬಂತು. ತಮಾಷೆ ಕೇಳಿ ಮಕ್ಕಳೇ, ಅದು ಕಾನೂನಿನ ಪ್ರಕಾರ ರಾಷ್ಟ್ರಪಕ್ಷಿ ಆದದ್ದು 2024ರ ಡಿಸೆಂಬರಿನಲ್ಲಿ! ಅಲ್ಲಿಯವರೆಗೆ ಎಲ್ಲರೂ ಆಗಲೇ ಆಗಿದೆ ಎಂದುಕೊಂಡಿದ್ದರು. ನನ್ನಂಥ ತಾತಂದಿರು ಅಲ್ಲೂ ಇದ್ದಾರೆ ಎಂದು ಸಮಾಧಾನವಾಯಿತು.

“ನಮ್ಮಲ್ಲೂ ಹಾಗೆ ಕಷ್ಟದಲ್ಲಿರೋ ದೊಡ್ಡ ಹಕ್ಕಿ ಇದೆಯಾ?” ಎಂದಳು ಮೊಮ್ಮಗಳು. ಇದೆ, ಬಹಳ ದೂರವೂ ಅಲ್ಲ.

ಮುಂದಿನ ಭಾನುವಾರ ಸ್ಯಾಟಲೈಟ್ ನಿಲ್ದಾಣದಲ್ಲಿ ಕೆಎಸ್ಆರ್‌ಟಿಸಿ ಬಸ್ಸು ಹತ್ತಿದೆವು. ಬಸ್ಸಿನ ಮೈಮೇಲೂ ಗಂಡಭೇರುಂಡ. ಮೊಮ್ಮಗಳು ಅದನ್ನು ತೋರಿಸಿ ನನ್ನ ಮುಖ ನೋಡಿ ನಕ್ಕಳು. ಐವತ್ತು ಕಿಲೋಮೀಟರ್ ಆಚೆ ರಾಮನಗರದ ರಾಮದೇವರ ಬೆಟ್ಟ. ಅಜ್ಜಿ ತಾತಂದಿರಿಗೆ ಇದು ‘ಶೋಲೆ’ ಚಿತ್ರ ತೆಗೆದ ಬಂಡೆಗಳ ಊರು. 2012ರಿಂದ ಅದು ರಣಹದ್ದುಗಳ ಧಾಮ, ದೇಶದಲ್ಲೇ ಮೊದಲನೆಯದು. ಉದ್ದಕೊಕ್ಕಿನ ರಣಹದ್ದು ಅಲ್ಲಿನ ಕಡಿದಾದ ಬಂಡೆಗಳಲ್ಲಿ ಗೂಡು ಮಾಡಿ, ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧಿ, ಸತ್ತ ದನವನ್ನು ತಿಂದ ರಣಹದ್ದಿಗೆ ವಿಷವಾಗಿ ಅದರ ಮೂತ್ರಪಿಂಡವನ್ನೇ ಕೆಡಿಸುತ್ತಿತ್ತು. 2006ರಲ್ಲಿ ಪಶುಗಳಿಗೆ ಆ ಔಷಧಿ ಕೊಡುವುದನ್ನು ನಮ್ಮ ದೇಶ ನಿಷೇಧಿಸಿತು. ಅಷ್ಟರೊಳಗೆ ದೇಶದ ಬಹುಪಾಲು ರಣಹದ್ದುಗಳು ಹೋಗಿಬಿಟ್ಟಿದ್ದವು. ನಾನು ಹುಡುಗನಾಗಿದ್ದಾಗ ಊರಾಚೆ ಸತ್ತ ಎತ್ತಿನ ಸುತ್ತ ಗುಂಪುಗುಂಪಾಗಿ ಕೂತಿರುತ್ತಿದ್ದವು. ಆಗ ಮೂಗು ಮುಚ್ಚಿ ಓಡಿಹೋಗುತ್ತಿದ್ದೆವು. ಈಗ ಟಿಕೆಟ್ ಕೊಂಡು ಒಂದನ್ನು ನೋಡಲು ಕಾಯುತ್ತಿದ್ದೇನೆ!

ಒಂದೂವರೆ ಗಂಟೆ ಕಾದೆವು. ಬಂಡೆಯ ನೆತ್ತಿಯ ಮೇಲೆ, ಬಹಳ ಎತ್ತರದಲ್ಲಿ, ದೊಡ್ಡ ಹಕ್ಕಿಯೊಂದು ರೆಕ್ಕೆ ಬಡಿಯದೆ ಒಂದು ಸುತ್ತು ಹಾಕಿ ಮರೆಯಾಯಿತು.

“ತಾತ, ಅದು ರಣಹದ್ದಾ?”

‘ಹೌದು’ ಎನ್ನಲು ಬಾಯಿ ತೆರೆದೆ. ಕ್ವಿಜ್ ನೆನಪಾಯಿತು.

“ಗೊತ್ತಿಲ್ಲ ಪುಟ್ಟಿ. ಇನ್ನೂ ಸ್ವಲ್ಪ ಹೊತ್ತು ಕಾಯೋಣ,” ಎಂದೆ.

ಅವಳು ತನ್ನ ನೋಟ್‌ಬುಕ್ಕಿನಲ್ಲಿ ಸಮಯ ಬರೆದು, ಮುಂದೆ ‘ದೊಡ್ಡ ಹಕ್ಕಿ, ಹೆಸರು ಗೊತ್ತಿಲ್ಲ’ ಎಂದು ಸೇರಿಸಿದಳು. ಆಮೇಲೆ ಬುತ್ತಿಯ ಚಪಾತಿಯಲ್ಲಿ ಅರ್ಧ ಮುರಿದು ನನಗೆ ಕೊಟ್ಟಳು. ಕ್ವಿಜ್‌ನ ಸಾಲ ತೀರಿತು ಎಂದುಕೊಂಡೆ.