ದಂಡಿನ ಹಿಂದೆ ಬಂದ ಬೆಟ್ಟದ ಚಿತ್ರಗಳು

ಕಡಿದಾದ ಬಂಡೆ, ನೆತ್ತಿಯಲ್ಲಿ ಕೋಟೆ. ಸಾವನದುರ್ಗ, ನಂದಿದುರ್ಗಗಳು ಲಂಡನ್ನಿನ ಸಿರಿವಂತರ ಮನೆ ಸೇರಿದ್ದು ಇಂಥ ಅಚ್ಚಿನ ಚಿತ್ರಗಳಾಗಿ.

ಅವು ಹುಟ್ಟಿದ್ದು ಯುದ್ಧದಲ್ಲಿ. 1791ರಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಟಿಪ್ಪುವಿನ ಮೇಲೆ ದಂಡೆತ್ತಿ ಬಂದಾಗ ಚಿತ್ರಕಾರ ರಾಬರ್ಟ್ ಹೋಮ್ ಸೇನೆಯ ಜೊತೆಗಿದ್ದ. ಸೇನಾಧಿಕಾರಿ ಅಲೆಕ್ಸಾಂಡರ್ ಅಲನ್, ಸರ್ವೆಯ ಕೋಲ್‌ಬ್ರೂಕ್ ಕೂಡ ಕಂಡದ್ದನ್ನು ಬರೆದುಕೊಂಡರು. ಗುಡ್ಡದ ಯಾವ ಮಗ್ಗುಲು ಕಡಿದು, ಯಾವುದು ಇಳಿಜಾರು ಎಂಬುದು ಮುತ್ತಿಗೆ ಹಾಕುವವರಿಗೆ ಬೇಕಾದ ತಿಳಿವಳಿಕೆ. 1794ರ ಹೊತ್ತಿಗೆ ಮೂವರ ಚಿತ್ರಸಂಪುಟಗಳೂ ಲಂಡನ್ನಿನಲ್ಲಿ ಹೊರಬಂದಿದ್ದವು.

ಅಚ್ಚಿನ ಕೆಲಸ ತಾಳ್ಮೆಯದು. ಕೆತ್ತುವವನು ಚಿತ್ರವನ್ನು ಎಡಬಲ ತಿರುಗಿಸಿ ತಾಮ್ರದ ತಗಡಿನ ಮೇಲೆ ಗೀರುತ್ತಿದ್ದ. ಮಸಿ ಬಳಿದು ಒರೆಸಿದರೆ ಅದು ಗೀರಿನೊಳಗಷ್ಟೇ ಉಳಿಯುತ್ತದೆ. ಒದ್ದೆ ಕಾಗದ ಹೊದಿಸಿ ಯಂತ್ರದಲ್ಲಿ ಒತ್ತಿದಾಗ ಕಾಗದಕ್ಕೆ ಏರುತ್ತದೆ. ಮೋಡ, ಮಂಜಿನ ತೆಳು ಛಾಯೆ ಬೇಕಿದ್ದರೆ ತಗಡಿನ ಮೇಲೆ ರಾಳದ ಪುಡಿ ಹರಡಿ, ಕಾಯಿಸಿ, ಆಮ್ಲ ತಾಗಿಸುತ್ತಿದ್ದರು. ಬಣ್ಣ ತುಂಬುತ್ತಿದ್ದದ್ದು ಹೆಚ್ಚಾಗಿ ಕೈಯಲ್ಲೇ.

ಆದರೆ ಈ ಚಿತ್ರಗಳು ದಂಡು ನಡೆದ ದಾರಿ ಬಿಟ್ಟು ದೂರ ಹೋಗಲಿಲ್ಲ. ಇಂದಿನ ದಾವಣಗೆರೆ ಜಿಲ್ಲೆಯಲ್ಲೂ ಬರೆಯುವಂಥ ನೋಟಗಳಿವೆ. ಕೆಳದಿಯ ರಾಣಿ ಚೆನ್ನಮ್ಮಾಜಿಯ ಹೆಸರು ಹೊತ್ತ ಚನ್ನಗಿರಿಗೂ ಗುಡ್ಡವಿದೆ, ಕೋಟೆಯಿದೆ. ಹೊನ್ನಾಳಿಗೆ ತುಂಗಭದ್ರೆಯಿದೆ, ನ್ಯಾಮತಿಗೆ ಮಲೆನಾಡಿನ ಸೆರಗಿದೆ, ಜಗಳೂರಿಗೆ ಬಯಲಿದೆ. ಕಾರ್ನ್‌ವಾಲಿಸನ ದಂಡು ಇತ್ತ ಬರಲಿಲ್ಲ. ಹೋಮ್ ಕೂಡ ಬರಲಿಲ್ಲ. 1791ರ ಕೊನೆಗೆ ಈ ಸೀಮೆಗೆ ಬಂದವರು ಬ್ರಿಟಿಷರ ಜೊತೆಗೂಡಿದ್ದ ಮರಾಠರ ಪರಶುರಾಮ ಭಾವು ಮತ್ತು ಬ್ರಿಟಿಷ್ ತುಕಡಿಯ ಕ್ಯಾಪ್ಟನ್ ಲಿಟಲ್. ಹೊಳೆಹೊನ್ನೂರು, ಶಿವಮೊಗ್ಗ ಅವರ ವಶವಾದವು. ಲಿಟಲ್‌ನ ತುಕಡಿಯಲ್ಲಿದ್ದ ಎಡ್ವರ್ಡ್ ಮೂರ್ 1794ರಲ್ಲೇ ಆ ದಂಡಯಾತ್ರೆಯ ಕಥನ ಪ್ರಕಟಿಸಿದ.

ಟಿಪ್ಪು ಮಡಿದ ಮೇಲೆ ಬಂದವನು ಬ್ರಿಟಿಷರು ಸರ್ವೆಗೆ ಕಳುಹಿಸಿದ ಫ್ರಾನ್ಸಿಸ್ ಬುಕಾನನ್. 1801ರಲ್ಲಿ ಕೆನರಾ ಕರಾವಳಿ ಸುತ್ತಿ, ಘಟ್ಟ ಹತ್ತಿ, ಇಂದಿನ ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣ, ಹರಿಹರ, ದಾವಣಗೆರೆ ಹಾದು ಚಿತ್ರದುರ್ಗದತ್ತ ಹೋದ. ಅವನ ಕಣ್ಣೆಲ್ಲ ಮಣ್ಣು, ಬೆಳೆ, ಕಂದಾಯದ ಮೇಲೆ. 1807ರಲ್ಲಿ ಬಂದ ಅವನ 3 ಸಂಪುಟಗಳ ಕೆತ್ತನೆಗಳಲ್ಲಿ ನೇಗಿಲಿನಂಥ ಬೇಸಾಯದ ಸಲಕರಣೆಗಳಿಗೂ ಜಾಗ ಸಿಕ್ಕಿತು. ನಾಡು ಬ್ರಿಟಿಷರ ಹಿಡಿತಕ್ಕೆ ಬಂದಿತ್ತು. ಇನ್ನು ಅದರ ಹುಟ್ಟುವಳಿ ಅಳೆಯಬೇಕಿತ್ತು.

ಈ ಚಿತ್ರಗಳ ಕುಸುರಿಗೆ ಮನಸೋಲದವರಿಲ್ಲ. ಅವುಗಳನ್ನು ಬರೆಸಿದ ಅಗತ್ಯವನ್ನೂ ನಮ್ಮ ಶಾಲೆಗಳು ಹೇಳಿಕೊಡಬೇಕು. ಚನ್ನಗಿರಿಯ ಮಕ್ಕಳನ್ನು ಕೋಟೆಗೋ ಶಾಂತಿಸಾಗರ ಕೆರೆಯ ಏರಿಗೋ ಕರೆದೊಯ್ದು, ಕಂಡದ್ದನ್ನು ಕಂಡಂತೆ ಬರೆಯಲು ಕೂರಿಸಬೇಕು. ಆ ನೀರು ಕುಡಿದು ಬೆಳೆದವರ ಕಣ್ಣಿನ ಚಿತ್ರ 1794ರ ಸಂಪುಟಗಳಲ್ಲಿ ಇಲ್ಲ. ಅದನ್ನು ನಾವೇ ಬರೆದುಕೊಳ್ಳಬೇಕು.