ಪ್ರಬಂಧಕ್ಕೆ ಮನೆಯ ಬಾವಿಯೇ ಪಾಠ

ವಿಶ್ವ ಜಲ ದಿನವಾದ ಮಾರ್ಚ್ 22ರ ಸಂದರ್ಭದಲ್ಲಿ ಶಾಲೆಗಳಲ್ಲಿ ಸಿಹಿನೀರಿನ ಸಂರಕ್ಷಣೆ ಕುರಿತು ಪ್ರಬಂಧ ಸ್ಪರ್ಧೆಗಳು ಏರ್ಪಡುತ್ತವೆ. ಭೂಮಿಯ ನೀರಿನಲ್ಲಿ ಸಿಹಿನೀರು ಸುಮಾರು ಶೇಕಡಾ 2.5 ಮಾತ್ರವೆಂದು ಮಕ್ಕಳು ಬರೆಯುತ್ತಾರೆ. ಆದರೆ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಮಂಗಳೂರಿನಲ್ಲಿ 2016 ಮತ್ತು 2019ರ ಬೇಸಿಗೆಗಳಲ್ಲಿ ನಳ್ಳಿನೀರನ್ನು ಸರದಿಯಂತೆ ಹಂಚಬೇಕಾದುದೇಕೆ? ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ನೇತ್ರಾವತಿಯ ನೀರು ಇಳಿದಿತ್ತು. ಮಳೆನೀರು ಬಹುಪಾಲು ಕಡಲು ಸೇರುತ್ತದೆ. ನೆಲದಲ್ಲಿ ಇಂಗಿದ್ದೇ ಬೇಸಿಗೆಯಲ್ಲಿ ಬಾವಿಗೂ ಹೊಳೆಗೂ ಆಧಾರ. ಆದುದರಿಂದ ಹೆತ್ತವರು ಪ್ರಬಂಧ ಬರೆದುಕೊಡದೆ, ಜೊತೆಗೆ ನಿಂತು ಬಾವಿಯ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಮಕ್ಕಳಿಂದ ಅಳೆಯಿಸಲಿ. ಮಾಡಿನ ನೀರನ್ನು ಇಂಗಿಸಲಿ. ಶುದ್ಧ ಕುಡಿಯುವ ನೀರು ಎಲ್ಲರ ಮೂಲಭೂತ ಹಕ್ಕೆಂದು ಪೋಪ್ ಫ್ರಾನ್ಸಿಸರು 2015ರ ವಿಶ್ವಪತ್ರ ‘ಲೌದಾತೊ ಸಿ’ಯಲ್ಲಿ ಸಾರಿದರು. ಬಹುಮಾನ ಯಾರಿಗೇ ಬರಲಿ, ಮೇ ತಿಂಗಳಲ್ಲಿ ನೆರೆಮನೆಗೂ ಒಂದು ಕೊಡ ನೀರು ಒದಗಲಿ.