ಕೈಗಾರಿಕಾ ಚೀಲ ಖಾಲಿ ಮಾಡುವ ಯಂತ್ರಗಳು: ಕಾರ್ಯವಿಧಾನ ಹಾಗೂ ಪ್ರಾಯೋಗಿಕ ಮಿತಿಗಳು (ಅರ್ಜಿದಾರರ ಮಾಹಿತಿಗಾಗಿ)

ಬೀದರ ಜಿಲ್ಲೆಯ ಹುಮನಾಬಾದ್ ಮತ್ತು ಬಸವಕಲ್ಯಾಣ ಭಾಗದಲ್ಲಿ ತೊಗರಿ, ಉದ್ದು, ಹೆಸರು, ಕಡಲೆ ಹಾಗೂ ಸೋಯಾ ಅವರೆ ಬೆಳೆಯಲಾಗುತ್ತದೆ. ಹಳ್ಳಿಖೇಡ (ಬಿ) ಮತ್ತು ಸುತ್ತಮುತ್ತ ಬೇಳೆ ಗಿರಣಿ, ಹಿಟ್ಟಿನ ಗಿರಣಿ ಅಥವಾ ಪಶು ಆಹಾರ ಘಟಕ ಸ್ಥಾಪಿಸಲು ಸಾಲ ಅಥವಾ ಸಹಾಯಧನ ಕೋರುವ ಅರ್ಜಿದಾರರು, ಯೋಜನಾ ವರದಿಯಲ್ಲಿ ಚೀಲ ಖಾಲಿ ಮಾಡುವ ಯಂತ್ರವನ್ನು ಸೇರಿಸುವ ಮೊದಲು ಕೆಳಕಂಡ ಅಂಶಗಳನ್ನು ಪರಿಶೀಲಿಸುವುದು ಅವಶ್ಯಕವಾಗಿರುತ್ತದೆ. ಹಳ್ಳಿಖೇಡ ಎಂದೊಡನೆ ಸಕ್ಕರೆ ಕಾರ್ಖಾನೆ ನೆನಪಿಗೆ ಬರುವುದು ಸಹಜ. ಆದರೆ ಸಕ್ಕರೆ ಕಾರ್ಖಾನೆಯದು ಚೀಲ ತುಂಬುವ ಕೆಲಸ. ತುಂಬುವ ಯಂತ್ರಕ್ಕೆ ಹೊಸದಾದ, ಒಂದೇ ಅಳತೆಯ ಚೀಲಗಳು ದೊರೆಯುತ್ತವೆ. ಖಾಲಿ ಮಾಡುವ ಯಂತ್ರಕ್ಕೆ ಆ ಅನುಕೂಲವಿಲ್ಲ; ಲಾರಿಯಿಂದ ಏನು ಇಳಿಯುವುದೋ ಅದನ್ನೇ ಅದು ಎದುರಿಸಬೇಕು.

ಈ ಯಂತ್ರಗಳಲ್ಲಿ ಅತ್ಯಂತ ಸರಳವಾದುದು ಕೈಯಿಂದ ಸುರಿಯುವ ಕಟ್ಟೆ. ಇದರಲ್ಲಿ ಮೇಲೆ ಕಬ್ಬಿಣದ ಜಾಲರಿ, ಕೆಳಗೆ ಹಾಪರ್, ಮೂರು ಕಡೆ ಮುಚ್ಚಿದ ಗೂಡು ಇರುತ್ತವೆ. ಕೆಲಸಗಾರನು ಚೀಲವನ್ನು ಜಾಲರಿಯ ಮೇಲಿಟ್ಟು ಹೊಲಿಗೆ ಬಿಚ್ಚಿ ಸುರಿಯುತ್ತಾನೆ. ಏಳುವ ಧೂಳು ಅವನ ಮುಖಕ್ಕೆ ಬಾರದಂತೆ ಫ್ಯಾನ್ ಗಾಳಿಯನ್ನು ಒಳಕ್ಕೆ ಸೆಳೆದು ಬಟ್ಟೆಯ ಫಿಲ್ಟರ್ ಮೂಲಕ ಹಾಯಿಸುತ್ತದೆ. ಫಿಲ್ಟರಿಗೆ ಅಂಟಿದ ಪುಡಿಯನ್ನು ಒತ್ತಿದ ಗಾಳಿಯಿಂದ ಕೊಡವಿ ಮತ್ತೆ ಹಾಪರಿಗೇ ಬೀಳಿಸಲಾಗುವುದು. ಈ ಗಾಳಿಯಲ್ಲಿ ತೇವವಿದ್ದರೆ ಫಿಲ್ಟರ್ ಬೇಗನೆ ಕಟ್ಟಿಕೊಳ್ಳುತ್ತದೆ.

ಸ್ವಯಂಚಾಲಿತ ಯಂತ್ರದಲ್ಲಿ ಚೀಲವು ಕನ್ವೇಯರ್ ಬೆಲ್ಟಿನ ಮೇಲೆ ಸಾಗಿ, ತಿರುಗುವ ಬ್ಲೇಡುಗಳಿಂದ ಸೀಳಲ್ಪಟ್ಟು, ರಂಧ್ರಗಳುಳ್ಳ ಉರುಳುವ ಡ್ರಮ್ಮಿಗೆ ಬೀಳುತ್ತದೆ. ಡ್ರಮ್ ತಿರುಗಿದಂತೆ ಸರಕು ರಂಧ್ರಗಳಿಂದ ಕೆಳಗಿಳಿಯುತ್ತದೆ. ಖಾಲಿ ಚೀಲ ಇನ್ನೊಂದು ತುದಿಯಿಂದ ಹೊರಬರುತ್ತದೆ. ಇನ್ನು ಜಂಬೋ ಚೀಲ. ಸುಮಾರು ಅರ್ಧ ಟನ್ನಿನಿಂದ ಒಂದು ಟನ್ ಅಥವಾ ಅದಕ್ಕೂ ಹೆಚ್ಚು ಹಿಡಿಸುವ ಇದನ್ನು ವಿದ್ಯುತ್ ರಾಟೆಯಿಂದ ಎತ್ತಿ ಚೌಕಟ್ಟಿಗೆ ತೂಗುಹಾಕಿ ಕೆಳಬಾಯಿ ಬಿಚ್ಚಲಾಗುತ್ತದೆ. ರಾಸಾಯನಿಕ ಹಾಗೂ ಔಷಧ ಘಟಕಗಳಿಗೆ ಇದು ಸೂಕ್ತ. ಸಣ್ಣ ಗಿರಣಿಗೆ ಇದರ ಅಗತ್ಯ ಕಡಿಮೆ.

ದರಪಟ್ಟಿಯಲ್ಲಿ ನಮೂದಿಸುವ ವೇಗವು ಒಂದೇ ಅಳತೆಯ, ಒಣಗಿದ, ಸರಾಗವಾಗಿ ಹರಿಯುವ ಸರಕನ್ನು ಆಧರಿಸಿರುತ್ತದೆ. ಸಿಮೆಂಟ್ 50 ಕೆ.ಜಿ.ಯ ಚೀಲದಲ್ಲಿ, ಯೂರಿಯಾ 2018ರಿಂದ 45 ಕೆ.ಜಿ.ಯ ಚೀಲದಲ್ಲಿ ಬರುತ್ತವೆ. ಇಂತಹ ಸರಕಿಗೆ ಯಂತ್ರವನ್ನು ಒಮ್ಮೆ ಹೊಂದಿಸಿದರೆ ಸಾಕು. ರೈತರಿಂದ ಬರುವ ತೊಗರಿಯ ಸ್ಥಿತಿ ಬೇರೆ. ಒಂದು ಗೋಣಿ ಚೀಲ, ಮತ್ತೊಂದು ಪ್ಲಾಸ್ಟಿಕ್ ಚೀಲ, ಇನ್ನೊಂದು ದಬ್ಬಣದಿಂದ ಸುತಳಿ ಹಾಕಿ ಹೊಲಿದ ಹಳೆಯ ಚೀಲ. ಬ್ಲೇಡು ಇವನ್ನೆಲ್ಲ ಒಂದೇ ರೀತಿ ಸೀಳುವುದಿಲ್ಲ. ಸುತಳಿ ಮತ್ತು ಒಳಗಿನ ಪಾಲಿಥೀನ್ ಹಾಳೆ ತಿರುಗುವ ಭಾಗಗಳಿಗೆ ಸುತ್ತಿಕೊಳ್ಳುತ್ತವೆ. ನಾರು ಮತ್ತು ಪ್ಲಾಸ್ಟಿಕ್ ಚೂರುಗಳು ಬೇಳೆಗೆ ಬೆರೆಯುವ ಸಂಭವವಿದ್ದು, ಮುಂದೆ ಜರಡಿ ಅನಿವಾರ್ಯವಾಗುತ್ತದೆ. ಮಳೆಗಾಲದಲ್ಲಿ ಸಕ್ಕರೆ, ಹಿಟ್ಟು ಮುಂತಾದವು ತೇವ ಹೀರಿ ಗಟ್ಟಿಯಾಗುತ್ತವೆ. ಆಗ ಸೀಳಿದ ಚೀಲದಲ್ಲಿಯೂ ಸರಕು ಉಳಿಯುತ್ತದೆ.

ಖರ್ಚಿನ ಲೆಕ್ಕವನ್ನು ಪ್ರತ್ಯೇಕವಾಗಿ ಗಮನಿಸತಕ್ಕದ್ದು. ದಿನಕ್ಕೆ 10 ಟನ್ ತೊಗರಿ ಒಡೆಯುವ ಗಿರಣಿಗೆ 50 ಕೆ.ಜಿ.ಯ 200 ಚೀಲಗಳು ಬೇಕು. ಗಂಟೆಗೆ 300 ಚೀಲ ಖಾಲಿ ಮಾಡುವ ಯಂತ್ರ ಈ ಕೆಲಸವನ್ನು 40 ನಿಮಿಷಗಳಲ್ಲಿ ಮುಗಿಸಿ ಉಳಿದ ದಿನವೆಲ್ಲ ಸುಮ್ಮನೆ ನಿಲ್ಲುತ್ತದೆ. ಬಡ್ಡಿ ಮತ್ತು ಸವಕಳಿ ಮಾತ್ರ ನಿಲ್ಲುವುದಿಲ್ಲ. ಇದಲ್ಲದೆ ಸೀಳಿದ ಗೋಣಿ ಚೀಲಕ್ಕೆ ಮರುಮಾರಾಟದ ಬೆಲೆ ಇರುವುದಿಲ್ಲ. ಹೊಲಿಗೆ ಬಿಚ್ಚಿ ಉಳಿಸಿದ ಚೀಲಕ್ಕೆ ತಲಾ 20 ರೂ. ದೊರೆಯುವುದೆಂದು ಭಾವಿಸಿದರೆ, ದಿನಕ್ಕೆ 4,000 ರೂ., ವರ್ಷಕ್ಕೆ 250 ಕೆಲಸದ ದಿನಗಳಿಗೆ 10 ಲಕ್ಷ ರೂ. ಆಗುತ್ತದೆ. ಈ ಬಾಬ್ತು ಯಂತ್ರದ ದರಪಟ್ಟಿಯಲ್ಲಿ ಕಾಣುವುದಿಲ್ಲ. ಆದುದರಿಂದ ಇಂತಹ ಪ್ರಮಾಣದ ಬೇಳೆ ಗಿರಣಿಗೆ ಧೂಳು ಸೆಳೆಯುವ ವ್ಯವಸ್ಥೆಯುಳ್ಳ ಕೈಯಿಂದ ಸುರಿಯುವ ಕಟ್ಟೆಯೇ ಹೆಚ್ಚು ಸೂಕ್ತವೆಂದು ಅಭಿಪ್ರಾಯಪಡಲಾಗಿದೆ.

ಹಾಗೆಂದು ಫ್ಯಾನ್ ಮತ್ತು ಫಿಲ್ಟರನ್ನು ಬಿಟ್ಟು ಬರೀ ಜಾಲರಿಯನ್ನು ಕೊಳ್ಳುವುದು ಉಳಿತಾಯವಲ್ಲ. ಧಾನ್ಯದ ಧೂಳು ಶ್ವಾಸಕೋಶಕ್ಕೆ ಹಾನಿಕರ. ಮುಚ್ಚಿದ ಜಾಗದಲ್ಲಿ ಗಾಳಿಗೆ ಬೆರೆತು ಕಿಡಿ ತಾಗಿದರೆ ಸ್ಫೋಟಿಸಲೂಬಹುದು. 2008ರ ಫೆಬ್ರವರಿ 7ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಪೋರ್ಟ್ ವೆಂಟ್‌ವರ್ತ್‌ನಲ್ಲಿದ್ದ ಇಂಪೀರಿಯಲ್ ಶುಗರ್ ಕಾರ್ಖಾನೆಯಲ್ಲಿ ಸಕ್ಕರೆಯ ಧೂಳು ಸ್ಫೋಟಗೊಂಡು 14 ಕೆಲಸಗಾರರು ಮೃತಪಟ್ಟರು. ನಮ್ಮ ದೇಶದಲ್ಲಿ 1948ರ ಕಾರ್ಖಾನೆಗಳ ಅಧಿನಿಯಮದ 37ನೇ ಪ್ರಕರಣವು ಸ್ಫೋಟಕ ಧೂಳಿನ ಬಗ್ಗೆ, 34ನೇ ಪ್ರಕರಣವು ಗಾಯವಾಗುವಷ್ಟು ಭಾರ ಹೊರಿಸುವುದರ ಬಗ್ಗೆ ನಿರ್ಬಂಧ ವಿಧಿಸಿದ್ದವು. ಸದರಿ ಅಧಿನಿಯಮದ ಸ್ಥಾನದಲ್ಲಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020 ದಿನಾಂಕ 21-11-2025ರಿಂದ ಜಾರಿಗೆ ಬಂದಿರುತ್ತದೆ.

ಭಾರದ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ಇರುವುದುಂಟು. ಯಂತ್ರ ಬಂದರೆ ಹಮಾಲರ ಶ್ರಮ ತಪ್ಪುವುದೆಂದು ಭಾವಿಸಲಾಗುತ್ತದೆ. ಚೀಲವನ್ನು ಲಾರಿಯಿಂದ ಇಳಿಸುವುದು, ಥಪ್ಪಿ ಹಾಕುವುದು, ಬೆಲ್ಟಿನ ಮೇಲಿಡುವುದು ಇವು ಹಾಗೆಯೇ ಉಳಿಯುತ್ತವೆ. ಕಟ್ಟೆಯ ಎತ್ತರ ಹೆಚ್ಚಾದಷ್ಟೂ ಸೊಂಟದ ಮೇಲಿನ ಹೊರೆ ಹೆಚ್ಚುತ್ತದೆ. ಹಾಪರನ್ನು ನೆಲಮಟ್ಟಕ್ಕಿಂತ ಕೆಳಗೆ ಇಳಿಸಿ, ಜಾಲರಿಯನ್ನು ಸೊಂಟದ ಎತ್ತರಕ್ಕೆ ಇಟ್ಟುಕೊಂಡು, ಸರಕನ್ನು ಎಲಿವೇಟರ್ ಮೂಲಕ ಮೇಲೊಯ್ಯುವುದು ಉತ್ತಮ. ಶೆಡ್ಡಿನ ನೆಲ ಹಾಕಿದ ಮೇಲೆ ಈ ಗುಂಡಿ ತೋಡುವುದು ದುಬಾರಿಯಾಗುವುದರಿಂದ, ಕಟ್ಟಡದ ನಕ್ಷೆಯಲ್ಲಿಯೇ ಇದನ್ನು ತೋರಿಸತಕ್ಕದ್ದು.

ಯಂತ್ರವನ್ನೇ ಕೊಳ್ಳಲು ನಿರ್ಧರಿಸಿದವರು ಮುಂಗಡ ನೀಡುವ ಮೊದಲು, ತಮ್ಮದೇ ಸರಕು ತುಂಬಿದ ತಮ್ಮದೇ ಹಳೆಯ ಚೀಲಗಳನ್ನು ತಯಾರಕರಲ್ಲಿಗೆ ಒಯ್ದು, ಸಾಧ್ಯವಾದರೆ ಮಳೆಗಾಲದಲ್ಲಿ, ಪರೀಕ್ಷಿಸಿ ನೋಡುವುದು. ಖಾಲಿಯಾದ ಚೀಲಗಳನ್ನು ಕೊಡವಿ, ಅವುಗಳಲ್ಲಿ ಉಳಿದ ಸರಕನ್ನು ತೂಗಿಸಿ, ಆ ತೂಕವನ್ನು ದರಪಟ್ಟಿಯ ಮೇಲೆಯೇ ಬರೆಸಿ ತಯಾರಕರ ಸಹಿ ಪಡೆಯುವುದು.